ನಲವತ್ನಾಲ್ಕು ಹದಿನೇಳರ ಆರು ಲೀಟರ್

ಅಳತೆಯ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ನಿಂತವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಹದಿಮೂರು ವರ್ಷ ಚಿತ್ರದುರ್ಗದ ಒಂದು ಎಣ್ಣೆ ಗಿರಣಿಯಲ್ಲಿ ತಕ್ಕಡಿಯ ಮುಂದೆ ನಿಂತವನು ನಾನು. ಶೇಂಗಾ ಮೂಟೆಯಲ್ಲಿ ಕಲ್ಲು ಸೇರಿಸಿ ತಂದವರನ್ನು ಮೂಟೆ ಕೆಳಗಿಳಿಸುವ ಸದ್ದಿನಲ್ಲೇ ಹಿಡಿಯುತ್ತಿದ್ದೆ. ಗಿರಣಿ ಮುಚ್ಚಿದ ಮೇಲೆ ಹೊಳಲ್ಕೆರೆಯ ಮುರುಗಪ್ಪನವರು ನನ್ನನ್ನು ಕರೆಸಿ ಕೆಲಸ ಕೊಟ್ಟದ್ದು ಇದೇ ಕಾರಣಕ್ಕೆ. ಅಜ್ಜಪ್ಪನ ಬಾಯಿ ಕೆಟ್ಟದ್ದು, ಆದರೆ ಕಣ್ಣು ನೆಟ್ಟಗಿದೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಎರಡೂ ನಿಜವೆಂದು ಆಗ ನಾನೂ ತಿಳಿದಿದ್ದೆ.

ಮುರುಗಪ್ಪನವರಿಗೆ ಹದಿನೆಂಟು ಲಾರಿ. ಹೊಸದುರ್ಗದ ಕಡೆಯ ಗುಡ್ಡಗಳಲ್ಲಿ ಅದಿರು ತುಂಬಿಕೊಂಡು ಬಂದು ರೈಲ್ವೆ ಸೈಡಿಂಗಿನಲ್ಲಿ ಸುರಿಯುವುದು ಅವುಗಳ ಕೆಲಸ. ಲಾರಿ ನಿಲ್ಲುವ ಶೆಡ್ಡು ಊರಾಚೆ ಹೊಸದುರ್ಗದ ರಸ್ತೆಯಲ್ಲಿತ್ತು. ನಾನು ಸೇರಿದ್ದು ಎಪ್ಪತ್ತನಾಲ್ಕರಲ್ಲಿ. ಅರಬ್ಬರು ಎಣ್ಣೆ ನಿಲ್ಲಿಸಿದರೆಂದು ಪೇಪರಿನಲ್ಲಿ ಬಂದದ್ದೇ ತಡ, ಡೀಸೆಲ್ಲಿನ ಬೆಲೆ ಏರಿತು, ಆಮೇಲೆ ಡೀಸೆಲ್ಲೇ ಸಿಗದಂತಾಯಿತು. ಹಿರಿಯೂರಿನ ಹೈವೇ ಬಂಕುಗಳಲ್ಲಿ ಲಾರಿಗಳು ಹೊತ್ತು ಹುಟ್ಟುವ ಮೊದಲೇ ಸಾಲು ನಿಲ್ಲುತ್ತಿದ್ದವು. ಮುರುಗಪ್ಪನವರು ಪರ್ಮಿಟ್ಟಿನ ಮೇಲೆ ಡ್ರಮ್ಮುಗಳಲ್ಲಿ ತರಿಸಿ ಶೆಡ್ಡಿನೊಳಗೆ ಬೀಗ ಹಾಕಿ ಇಡಿಸಿದರು. ಅವನ್ನು ಕಾಯಲು ಚಿತ್ತಯ್ಯ ಎಂಬ ಮುದುಕನನ್ನು ನೇಮಿಸಿದರು.

ಡ್ರಮ್ಮಿಗೆ ಬೀಗ ಹಾಕಬಹುದು, ಓಡಾಡುವ ಲಾರಿಯ ಟ್ಯಾಂಕನ್ನು ಕಾಯುವವರಾರು? ಬಾವಿಗೆ ಡೀಸೆಲ್ ಪಂಪ್‌ಸೆಟ್ ಇಟ್ಟಿದ್ದ ರೈತರು ಆಗ ಎಣ್ಣೆಗಾಗಿ ಬಾಯಿ ಬಾಯಿ ಬಿಡುತ್ತಿದ್ದರು. ಡ್ರೈವರು ದಾರಿಯಲ್ಲಿ ಲಾರಿ ನಿಲ್ಲಿಸಿ, ಟ್ಯಾಂಕಿಗೆ ರಬ್ಬರ್ ಪೈಪು ಇಳಿಬಿಟ್ಟು ಒಂದು ಸಲ ಬಾಯಲ್ಲಿ ಎಳೆದರೆ ಸಾಕು, ಟಿನ್ನು ತಾನಾಗಿ ತುಂಬುತ್ತಿತ್ತು. ಇದನ್ನು ನಿಲ್ಲಿಸಲೆಂದೇ ನನ್ನನ್ನು ಕರೆಸಿದ್ದು. ನಾನು ಬಂದ ಎರಡನೇ ದಿನ ಒಂದು ತೇಗದ ಪಟ್ಟಿ ತರಿಸಿ ಕೋಲು ಮಾಡಿದೆ. ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಅಳೆದು ಸುರಿದು, ಪ್ರತಿ ಸಲ ಕೋಲು ಇಳಿಬಿಟ್ಟು, ಎಲ್ಲಿಯವರೆಗೆ ಒದ್ದೆಯಾಯಿತೋ ಅಲ್ಲಿ ಕಾಯಿಸಿದ ಮೊಳೆಯಿಂದ ಗೀಟು ಸುಟ್ಟೆ. ಬೆಳಿಗ್ಗೆ ಶುರುಮಾಡಿದ್ದು ಸಂಜೆಗೆ ಮುಗಿಯಿತು. ಹದಿನೆಂಟೂ ಒಂದೇ ಕಂಪನಿಯ ಲಾರಿ, ಒಂದೇ ಅಳತೆಯ ಟ್ಯಾಂಕು. ಹಾಗಾಗಿ ಒಂದು ಕೋಲು ಎಲ್ಲದಕ್ಕೂ ಸಾಕು.

ಕೆಲಸದ ಕ್ರಮ ಸುಲಭ. ಬೆಳಿಗ್ಗೆ ಪ್ರತಿ ಲಾರಿಯೂ ಬಾಯಿಮಟ್ಟ ಎಣ್ಣೆ ತುಂಬಿಸಿಕೊಂಡು ಹೊರಡಬೇಕು. ಸಂಜೆ ಗೇಟಿನಲ್ಲಿ ನಾನು ಕೋಲು ಇಳಿಬಿಟ್ಟು ಎಷ್ಟು ಉಳಿದಿದೆ ನೋಡುತ್ತೇನೆ. ಎಷ್ಟು ಖರ್ಚಾಗಿದೆಯೋ ಅಷ್ಟನ್ನು ಚೀಟಿಯಲ್ಲಿ ಬರೆದು ಚಿತ್ತಯ್ಯನಿಗೆ ಕೊಡುತ್ತೇನೆ, ಮರುದಿನ ಬೆಳಿಗ್ಗೆ ಅವನು ಅಷ್ಟನ್ನು ಹಾಕುತ್ತಾನೆ. ಒಂದು ಟ್ರಿಪ್ಪಿಗೆ ಎಷ್ಟು ಬೇಕು ಎಂಬುದನ್ನು ನಾನೇ ಲಾರಿಯಲ್ಲಿ ಕುಳಿತು ಹೋಗಿ ಗೊತ್ತು ಮಾಡಿಕೊಂಡಿದ್ದೆ. ಅದಕ್ಕಿಂತ ಹೆಚ್ಚು ಖರ್ಚಾದರೆ ಡ್ರೈವರು ಉತ್ತರ ಹೇಳಬೇಕು. ಮೊದಲ ತಿಂಗಳಲ್ಲೇ ಮೂವರು ಪೈಪಿನ ಸಮೇತ ಸಿಕ್ಕಿಬಿದ್ದರು. ಉಳಿದವರು ಕೋಲು ಕಂಡರೆ ಬೀಡಿ ಎಸೆದು ನೆಟ್ಟಗೆ ನಿಲ್ಲತೊಡಗಿದರು. ಮುರುಗಪ್ಪನವರು ಆ ಕೋಲನ್ನು ತಮ್ಮ ಆಫೀಸಿನಲ್ಲಿ ದೇವರ ಪಟದ ಪಕ್ಕದ ಮೊಳೆಗೆ ತೂಗುಹಾಕಿಸಿದರು. ನನಗೆ ಎಷ್ಟು ಜಂಬ ಬಂದಿತ್ತೆಂದರೆ, ಮನೆಯಲ್ಲಿ ನನ್ನ ಹೆಂಡತಿ ಪಾರ್ವತಮ್ಮ ಹಾಲಿಗೆ ನೀರು ಬೆರೆಸಿದರೂ ಪತ್ತೆ ಮಾಡುತ್ತೇನೆಂದು ಹೇಳಿ ಬೈಸಿಕೊಳ್ಳುತ್ತಿದ್ದೆ.

ಆಮೇಲೆ ನಲವತ್ನಾಲ್ಕು ಹದಿನೇಳು ಎಂಬ ನಂಬರಿನ ಲಾರಿಯ ಲೆಕ್ಕ ತಪ್ಪತೊಡಗಿತು.

ಅದರ ಡ್ರೈವರು ಕರಿಸಿದ್ದಪ್ಪ. ಮತ್ತೋಡಿನ ಕುರುಬರವನು. ಅಣ್ಣಂದಿರಿಬ್ಬರೂ ಕುರಿ ಹಿಂದೆ ಹೋದರೆ, ಇವನು ಹನ್ನೊಂದು ವರ್ಷದಿಂದ ಮುರುಗಪ್ಪನವರ ಲಾರಿ ಹಿಡಿದಿದ್ದ. ಸೀಟಿನ ಮೇಲೆ ಕಂಬಳಿ ಹಾಸಿಕೊಂಡು ಕೂರುತ್ತಿದ್ದ. ದಾರಿಯಲ್ಲಿ ಕುರಿ ಮಂದೆ ಅಡ್ಡ ಬಂದರೆ ಹಾರನ್ ಹೊಡೆಯುತ್ತಿರಲಿಲ್ಲ, ಕೊನೆಯ ಮರಿ ದಾಟುವವರೆಗೆ ಕಾಯುತ್ತಿದ್ದ. ಮಾತು ಕಡಿಮೆ. ನನಗೆ ಅವನ ಮೇಲೆ ಯಾವ ಹಗೆಯೂ ಇರಲಿಲ್ಲ, ಇದ್ದಿದ್ದರೆ ಈಗ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ. ದಿನಾ ಸಂಜೆ ಅವನ ಟ್ಯಾಂಕಿನಲ್ಲಿ ಆರು ಲೀಟರ್ ಕಡಿಮೆ ಬರುತ್ತಿತ್ತು. ಒಂದು ದಿನ ಐದಲ್ಲ, ಒಂದು ದಿನ ಎಂಟಲ್ಲ, ದಿನಾ ಆರೇ. ಇಷ್ಟು ಕ್ರಮವಾಗಿ ಯಾವ ಕಳ್ಳನೂ ಕದಿಯುವುದಿಲ್ಲ ಎಂಬುದು ತಕ್ಕಡಿ ಹಿಡಿದು ತಲೆ ನರೆತ ನನಗೆ ಹೊಳೆಯಲಿಲ್ಲ. ಎಂಥ ನಾಜೂಕಿನ ಕಳ್ಳ ಎಂದುಕೊಂಡೆ.

ಒಂಬತ್ತು ದಿನ ಸುಮ್ಮನಿದ್ದು ನೋಡಿ ಹತ್ತನೆಯ ದಿನ ಅವನನ್ನು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ತಾನು ಮುಟ್ಟಿಲ್ಲ, ಹತ್ತು ದಿನದ ಹಿಂದೆ ಗಣಿ ದಾರಿಯಲ್ಲಿ ಟ್ಯಾಂಕಿನ ತಳಕ್ಕೆ ಒಂದು ಕಲ್ಲು ಬಡಿದಿತ್ತು, ಎಲ್ಲಾದರೂ ಸೋರುತ್ತಿದೆಯೋ ನೋಡಿ ಎಂದ. ನಾನು ಅಲ್ಲೇ ಗೋಣಿಚೀಲ ಹಾಸಿ ಲಾರಿಯ ಕೆಳಗೆ ಮಲಗಿ ಟ್ಯಾಂಕಿನ ತಳಕ್ಕೆ ಕೈ ಹಾಕಿದೆ. ಅದಿರಿನ ಕೆಂಪು ದೂಳು ಹೆಪ್ಪುಗಟ್ಟಿ ಬೆರಳುದ್ದ ಕೂತಿತ್ತು, ಆದರೆ ಎಲ್ಲೂ ಹಸಿ ಇರಲಿಲ್ಲ. ಕೈ ಕೊಡವಿಕೊಂಡು ಎದ್ದು, ತಳ ಒಣಗಿದೆ ಕಣಯ್ಯ, ಬೇರೆ ಕಥೆ ಹೇಳು ಎಂದೆ. ಹಸಿ ಇದೆಯೇ ಎಂದಷ್ಟೇ ಮುಟ್ಟಿ ನೋಡಿದ್ದೆ. ತಳ ಇದ್ದಂತೆ ಇದೆಯೇ ಎಂದು ನೋಡಲಿಲ್ಲ. ನನ್ನ ಜನ್ಮದ ತಪ್ಪು ಅಷ್ಟೇ, ಅಷ್ಟರಲ್ಲೇ ಒಂದು ಮನೆ ಮುಳುಗಿತು.

ಮುರುಗಪ್ಪನವರು ಪೊಲೀಸು, ಕೋರ್ಟು ಎಂದು ಹೋಗುವವರಲ್ಲ. ಶೆಡ್ಡಿನ ಜಗಳಗಳೆಲ್ಲ ಆಣೆಯಲ್ಲಿ ಮುಗಿಯಬೇಕು. ಕೈಯಲ್ಲಿ ಪೈಪು ಹಿಡಿದು ಸಿಕ್ಕಿಬಿದ್ದವನ ಮಾತು ಬೇರೆ, ಅನುಮಾನವಷ್ಟೇ ಇದ್ದವನು ತನ್ನ ದೇವರ ಮೇಲೆ ಪ್ರಮಾಣ ಮಾಡಿದರೆ ಅವರು ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. ಕರಿಸಿದ್ದಪ್ಪನ ಮೇಲೆ ಅವರಿಗೆ ಪ್ರೀತಿಯೂ ಇತ್ತು. ಮತ್ತೋಡಿನಿಂದ ಅವನ ಮನೆದೇವರ ಅರಿಶಿನ ಭಂಡಾರ ತರಿಸುತ್ತೇನೆ, ಸೋಮವಾರ ಎಲ್ಲರ ಎದುರು ಮುಟ್ಟಿ ಕದ್ದಿಲ್ಲ ಎನ್ನಲಿ, ಬಾಯಿ ಮುಚ್ಚಿಕೊಂಡು ಲಾರಿ ಹತ್ತಲಿ ಎಂದರು. ಅಷ್ಟು ಮಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಭಾನುವಾರ ಮಧ್ಯಾಹ್ನ ಕರಿಸಿದ್ದಪ್ಪ ನನ್ನ ಮನೆಗೆ ಬಂದು ಜಗಲಿಯ ಅಂಚಿನಲ್ಲಿ ಕೂತ. ತನ್ನಿಂದ ಆಣೆ ಆಗುವುದಿಲ್ಲ, ಸಾಹುಕಾರರಿಗೆ ನೀವೇ ಹೇಳಿ ತಪ್ಪಿಸಬೇಕು ಎಂದ. ಯಾಕೆ ಎಂದೆ. ಅವನ ಅಜ್ಜನ ಕಾಲದಲ್ಲಿ ಯಾರದೋ ಟಗರು ಇವರ ಮಂದೆಯಲ್ಲಿದೆ ಎಂದು ತಗಾದೆ ಬಂದಿತ್ತಂತೆ. ಅಜ್ಜ ಗುಡಿಗೆ ಹೋಗಿ ಭಂಡಾರ ಮುಟ್ಟಿ ಇಲ್ಲವೆಂದು ಪ್ರಮಾಣ ಮಾಡಿದ. ಹೇಳಿದ್ದು ನಿಜವೇ. ಆದರೂ ಆ ವರ್ಷವೇ ಎರಡು ಗಂಡು ಮಕ್ಕಳು ಹೋದವು, ಅರ್ಧ ಮಂದೆ ಸತ್ತಿತು. ದೇವರ ಗುಡಿಯಲ್ಲಿ ಕೇಳಿಸಿದಾಗ, ನನ್ನನ್ನು ಯಾಕೆ ಸಾಕ್ಷಿಗೆ ಎಳೆದಿರಿ ಎಂದು ಅಪ್ಪಣೆಯಾಯಿತಂತೆ. ಅಂದಿನಿಂದ ಅವರ ಮನೆಯಲ್ಲಿ ಯಾರೂ ಆಣೆ ಇಡುವುದಿಲ್ಲ.

"ಸುಳ್ಳಿಗೂ ಇಡಾದಿಲ್ಲ, ನಿಜಕ್ಕೂ ಇಡಾದಿಲ್ಲ" ಎಂದ ಕರಿಸಿದ್ದಪ್ಪ. "ನಂಗೆ ಮೂರು ಮಕ್ಳವೆ ಅಜ್ಜಪ್ನೋರೆ."

ನಾನು ನಕ್ಕುಬಿಟ್ಟೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಕದ್ದವನಿಗೆ ಇಂಥ ಕಥೆ ಹುಟ್ಟಿಸುವುದು ಕಷ್ಟವಲ್ಲ ಬಿಡು ಎಂದೆ. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ.

ಸೋಮವಾರ ಲಾರಿಗಳು ಹೊರಡುವ ಮೊದಲು ಶೆಡ್ಡಿನ ಅಂಗಳದಲ್ಲಿ ಎಲ್ಲರೂ ಸೇರಿದರು. ಹಿತ್ತಾಳೆ ತಟ್ಟೆಯಲ್ಲಿ ಭಂಡಾರ, ಪಕ್ಕದಲ್ಲಿ ಮುರುಗಪ್ಪನವರು, ಎದುರಿಗೆ ಕರಿಸಿದ್ದಪ್ಪ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಮುರುಗಪ್ಪನವರು ಎರಡು ಸಲ ಹೇಳಿದರು, ಮೂರನೆಯ ಸಲ ಬೇಡಿಕೊಂಡಂತೆಯೇ ಹೇಳಿದರು. ಬೇಕಾದರೆ ಚಪ್ಪಲಿಯಲ್ಲಿ ಹೊಡೆಯಿರಿ, ಅದನ್ನು ಮಾತ್ರ ಮುಟ್ಟುವುದಿಲ್ಲ ಎಂದ. ಅಂಗಳದಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ, ಈ ಅಯ್ಯನ ಕೋಲೇ ಸರಿಯಿದೆಯೋ ಇಲ್ಲವೋ ಅದನ್ನು ಯಾರು ನೋಡಿದ್ದಾರೆ ಎಂದರು.

ಆ ಮಾತಿಗೆ ನನ್ನ ರಕ್ತ ಕುದಿಯಿತು. ನನ್ನ ಅಳತೆಯನ್ನು ಅನುಮಾನಿಸುವುದೆಂದರೆ ನನ್ನ ಹುಟ್ಟನ್ನೇ ಅನುಮಾನಿಸಿದ ಹಾಗೆ. ಮುಂದೆ ನುಗ್ಗಿ, ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡೆ. ಈ ಕೋಲಿನಲ್ಲಿ ತಪ್ಪಿಲ್ಲ, ನಲವತ್ನಾಲ್ಕು ಹದಿನೇಳರಲ್ಲಿ ದಿನಾ ಆರು ಲೀಟರ್ ಕಡಿಮೆ ಇರುವುದು ನಿಜ, ಸುಳ್ಳಾದರೆ ಈ ಲಿಂಗ ನನ್ನ ಮನೆಯನ್ನು ಕೇಳಲಿ ಎಂದೆ. ಯಾರೂ ನನಗೆ ಹೇಳು ಎಂದಿರಲಿಲ್ಲ. ನಾನಾಗಿಯೇ ಹೇಳಿದೆ. ಅಂಗಳ ತಣ್ಣಗಾಯಿತು. ಒಬ್ಬ ಆಣೆ ಮಾಡಿದ, ಇನ್ನೊಬ್ಬ ಮಾಡಲಿಲ್ಲ, ಇನ್ನೇನು ಉಳಿದಿತ್ತು? ಕರಿಸಿದ್ದಪ್ಪ ಲಾರಿಯ ಕೀಲಿಯನ್ನು ತಟ್ಟೆಯ ಪಕ್ಕದಲ್ಲಿಟ್ಟ. ಸೀಟಿನ ಮೇಲಿನ ಕಂಬಳಿ ತೆಗೆದುಕೊಂಡ. ಮನಸ್ಸು ಬದಲಾದ ದಿನ ಬಂದು ಪ್ರಮಾಣ ಮಾಡು, ನಿನ್ನ ಕೆಲಸ ನಿನಗೆ ಎಂದು ಮುರುಗಪ್ಪನವರು ಅವನ ಬೆನ್ನಿಗೆ ಹೇಳಿದರು.

ಡ್ರೈವರುಗಳ ಬಾಯಲ್ಲಿ ಸುದ್ದಿ ಲಾರಿಗಿಂತ ಬೇಗ ಓಡುತ್ತದೆ. ಹಿರಿಯೂರಿನಲ್ಲಿ ಕೇಳಿದರೂ ಇಲ್ಲ, ದುರ್ಗದಲ್ಲಿ ಕೇಳಿದರೂ ಇಲ್ಲ, ಆಣೆಗೆ ಹೆದರಿ ಓಡಿಬಂದ ಡೀಸೆಲ್ ಕಳ್ಳನಿಗೆ ಯಾರೂ ಲಾರಿ ಕೊಡಲಿಲ್ಲ. ಅವನು ಅಣ್ಣಂದಿರ ಕುರಿ ಹಿಂದೆ ಹೊರಟನೆಂದು ಕೇಳಿದೆ. ನಲವತ್ನಾಲ್ಕು ಹದಿನೇಳು ಅದೇ ವಾರ ಎಂಜಿನ್ ಕೆಲಸಕ್ಕೆಂದು ದಾವಣಗೆರೆಗೆ ಹೋಗಿ ಅಲ್ಲಿ ಮೂರು ತಿಂಗಳು ನಿಂತಿತು. ಅದು ಇಲ್ಲೇ ಓಡುತ್ತಿದ್ದರೆ ನನ್ನ ಕಣ್ಣು ಬೇಗ ತೆರೆಯುತ್ತಿತ್ತು. ಆದರೆ ಅವನ ಹಣೆಬರಹ ಬರೆದ ಕೈಗೆ ಕನಿಕರವಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವನ ಹೆಂಡತಿ ಓಬಕ್ಕ ನನ್ನ ಮನೆಗೆ ಬಂದಳು. ಮತ್ತೋಡಿನಿಂದ ಬಸ್ಸಿನಲ್ಲಿ ಬಂದು ಶೆಡ್ಡಿನ ಹತ್ತಿರ ಹೋಗಲು ನಾಚಿ ನೇರ ಮನೆಗೆ ಬಂದಿದ್ದಳು. ಪಾರ್ವತಮ್ಮ ಕೊಟ್ಟ ನೀರಿನ ಚೊಂಬನ್ನು ಮುಂದಿಟ್ಟುಕೊಂಡು ಕೂತು, ದೊಡ್ಡ ಮಗಳಿಗೆ ಮಾಡದಕೆರೆಯಲ್ಲಿ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು ಎಂದಳು. ಕಳ್ಳನ ಮಗಳು ಬೇಡವೆಂದು ಗಂಡಿನ ಕಡೆಯವರು ವೀಳ್ಯ ವಾಪಸು ಕಳಿಸಿದ್ದರು. ಅಪ್ಪ ಭಂಡಾರ ಮುಟ್ಟಿ ಇಲ್ಲವೆಂದರೆ ಮತ್ತೆ ಮಾತಾಡೋಣ ಎಂದಿದ್ದರಂತೆ. ಕರಿಸಿದ್ದಪ್ಪ ಊಟ ಬಿಟ್ಟು ಕೂತಿದ್ದಾನೆ, ಇವತ್ತೋ ನಾಳೆಯೋ ಗುಡಿಗೆ ಹೋಗಿಬಿಡುತ್ತಾನೆ, ಹೋದರೆ ಆಮೇಲೆ ನಮ್ಮ ಮನೆ ಉಳಿಯುವುದಿಲ್ಲ ಎಂದಳು. ಆ ಲಾರಿಯ ಟ್ಯಾಂಕಿಗೆ ಎಣ್ಣೆ ಹುಯ್ದು, ಮತ್ತೆ ಪೂರಾ ಬಸಿದು, ಕ್ಯಾನಿನಲ್ಲಿ ಒಂದು ಸಲ ಅಳೆದು ನೋಡಿ ಎಂದು ಕೈ ಮುಗಿದಳು.

ಲಾರಿ ಊರಲ್ಲಿಲ್ಲ ಎಂದೆ. ಬಂದ ಮೇಲೆ ನೋಡಿ ಎಂದಳು. ಲಿಂಗ ಹಿಡಿದು ಹೇಳಿದ್ದನ್ನು ಮತ್ತೆ ಅಳೆಯುವುದೆಂದರೆ ನನ್ನ ಮಾತನ್ನು ನಾನೇ ನಂಬಲಿಲ್ಲ ಎಂದಾಗುತ್ತದೆ, ಅದು ಆಗದ ಮಾತು ಎಂದೆ.

"ಅಳೆಯಾದು ನಿಮ್ ಕೆಲ್ಸ ಅಲ್ವೇನಣ್ಣ" ಎಂದಳು ಓಬಕ್ಕ. "ಇನ್ನೊಂದ್ ಸಲ ಅಳದ್ರೆ ಆ ಕೋಲೇನು ಸವೀತೈತಾ?"

ನಾನು ಗದರಿದೆ. ಅವಳು ನೀರು ಕುಡಿಯದೆಯೇ ಎದ್ದು ಹೋದಳು. ಒಂದು ಸಲ ಅಳೆದುಬಿಟ್ಟರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಪಾರ್ವತಮ್ಮ ಕೇಳಿದಳು. ಅವಳಿಗೂ ಗದರಿದೆ.

ಲಾರಿ ವಾಪಸು ಬಂದು ಜುಂಜಯ್ಯ ಎಂಬ ಹೊಸ ಡ್ರೈವರಿನ ಕೈಗೆ ಹೋಯಿತು. ಮೊದಲ ಸಂಜೆಯೇ ಆರು ಲೀಟರ್ ಕಡಿಮೆ. ಎರಡನೆಯ ಸಂಜೆ ಆರು. ಮೂರನೆಯ ದಿನ ಗುರುವಾರ ನಾನು ಕೇಳಿದ್ದೇ ತಡ, ಜುಂಜಯ್ಯ ತಾಯಿಯಾಣೆ, ಮಕ್ಕಳಾಣೆ, ಮಾರಮ್ಮನಾಣೆ ಎಂದು ಒಂದೇ ಉಸಿರಿನಲ್ಲಿ ಮೂರು ಆಣೆ ಹಾಕಿ ಬೀಡಿ ಹಚ್ಚಿದ. ನನಗೆ ಮೈಯೆಲ್ಲ ಉರಿಯಿತು. ಕೋಲು ತೆಗೆದುಕೊಂಡು ಟ್ಯಾಂಕಿಗೆ ರಪ್ಪನೆ ಇಳಿಸಿದೆ, ಆರು ಕಡಿಮೆ. ಎತ್ತಿ ಒರೆಸಿ ಮತ್ತೆ ಇಳಿಸಿದೆ, ಆರು ಕಡಿಮೆ. ಮೂರನೆಯ ಸಲ ಸಿಟ್ಟಿನಲ್ಲಿ ಕೋಲನ್ನು ಒತ್ತಿದಾಗ ಅದರ ತುದಿ ಯಾವುದರ ಮೇಲಿಂದಲೋ ಜಾರಿ ಇನ್ನೂ ಒಂದು ಬೆರಳಿನಷ್ಟು ಕೆಳಗೆ ಇಳಿಯಿತು. ಎತ್ತಿ ನೋಡಿದೆ. ಲೆಕ್ಕ ಸರಿಯಾಗಿತ್ತು. ಒಂದು ತೊಟ್ಟೂ ಕಡಿಮೆ ಇರಲಿಲ್ಲ.

ಲಾರಿಯ ಕೆಳಗೆ ನುಗ್ಗಿ, ಉಗುರಿನಿಂದ, ಆಮೇಲೆ ಕಬ್ಬಿಣದ ಪಟ್ಟಿಯಿಂದ ದೂಳಿನ ಹೆಪ್ಪು ಕೆರೆದೆ. ಟ್ಯಾಂಕಿನ ಬಾಯಿಗೆ ನೇರ ಕೆಳಗೆ, ತಳ ಒಂದು ಬೋಗುಣಿ ಮಗುಚಿಟ್ಟಂತೆ ಒಳಕ್ಕೆ ಉಬ್ಬಿತ್ತು. ಕಲ್ಲು ಬಡಿದ ಜಾಗ. ಕೋಲು ಇಷ್ಟು ದಿನವೂ ಆ ಉಬ್ಬಿನ ನೆತ್ತಿಯ ಮೇಲೆ ನಿಲ್ಲುತ್ತಿತ್ತು. ನಿಂತು, ಎಣ್ಣೆ ಕಡಿಮೆ ಇದೆ ಎಂದು ನನಗೆ ಹೇಳುತ್ತಿತ್ತು. ಬಹಳ ಹೊತ್ತು ಅಲ್ಲೇ ಮಲಗಿದ್ದೆ. ಮೇಲೆ ಬಂದು ಯಾರ ಮುಖ ನೋಡಲಿ?

ಹಾಗಿದ್ದರೆ ಚೀಟಿಯಲ್ಲಿ ದಿನಾ ಹೆಚ್ಚಿಗೆ ಬರೆದ ಆರು ಲೀಟರ್ ಎಲ್ಲಿ ಹೋಯಿತು? ಚಿತ್ತಯ್ಯನ ಹತ್ತಿರ ಹೋದೆ. ಅವನು ಹೆಚ್ಚು ಸತಾಯಿಸಲಿಲ್ಲ. ಆ ಲಾರಿಗೆ ಚೀಟಿಯಲ್ಲಿ ಬರೆದಷ್ಟು ಹಾಕುವ ಮೊದಲೇ ಟ್ಯಾಂಕು ತುಂಬಿಬಿಡುತ್ತಿತ್ತು, ದಿನಾ ಆರು ಲೀಟರ್ ಉಳಿಯುತ್ತಿತ್ತು, ನೀವೇ ಬರೆದುಕೊಟ್ಟ ಮೇಲೆ ನಾನ್ಯಾಕೆ ಬಾಯಿ ಬಿಡಲಿ, ಪಂಪ್‌ಸೆಟ್ಟಿನವರಿಗೆ ಕೊಟ್ಟೆ ಎಂದ. ಕಳ್ಳತನ ನಡೆದದ್ದು ನಿಜ. ನನ್ನ ಚೀಟಿಯೇ ಅದನ್ನು ಮಾಡಿಸಿತ್ತು. ಕೋಲು ಬರುವ ಮೊದಲು ಆ ಮುದುಕ ಒಂದು ತೊಟ್ಟು ಕದ್ದವನಲ್ಲ.

ಅವತ್ತೇ ಮುರುಗಪ್ಪನವರಿಗೆ ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಎದ್ದು ಹೋಗಿ ಆಫೀಸಿನ ಬಾಗಿಲು ಹಾಕಿ ಬಂದರು.

"ಆ ಕೋಲು ಒಂದು ಲಾರಿಗೆ ಸುಳ್ಳು ಅಂದ್ರೆ ಹದಿನೆಂಟಕ್ಕೂ ಸುಳ್ಳು" ಎಂದರು. "ನಾಳೆಯಿಂದ ಯಾವ ಡ್ರೈವರ್ ನನ್ನ ಮಾತು ಕೇಳ್ತಾನೆ? ಲಿಂಗ ಹಿಡಿದೋನು ನೀನು ಅಜ್ಜಪ್ಪ. ನಾನು ಹಿಡಿ ಅಂದಿರಲಿಲ್ಲ."

ಮರುದಿನ ಟ್ಯಾಂಕು ಬಿಚ್ಚಿಸಿ ಉಬ್ಬು ತಟ್ಟಿಸಿದರು. ಚಿತ್ತಯ್ಯನನ್ನು ಬೈದು ಅಲ್ಲೇ ಉಳಿಸಿಕೊಂಡರು. ವಿಷಯ ಹೊರಗೆ ಬಂದರೆ ನನ್ನ ಕೆಲಸ ಇರುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೆ ಅರ್ಥವಾಯಿತು.

ಗುರುವಾರವೇ ಮತ್ತೋಡಿನ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಶುಕ್ರವಾರ ಕೆಲಸ ಹೋದರೆ ಹೊಟ್ಟೆಗೇನು ಎಂದು ಯೋಚಿಸುತ್ತ ಕೂತೆ. ಶನಿವಾರ ಅವನ ಎದುರು ಮೊದಲ ಮಾತು ಏನೆಂದು ಆಡಲಿ ಎಂದು ಯೋಚಿಸುತ್ತ ಕೂತೆ. ಈ ಮೂರು ದಿನವೂ ಬೆಳಿಗ್ಗೆ ಎದ್ದು ಅದೇ ಲಿಂಗಕ್ಕೆ ಪೂಜೆ ಮಾಡಿ, ಹೊಟ್ಟೆ ತುಂಬ ಉಂಡೆ. ಸುಳ್ಳಾದರೆ ನನ್ನ ಮನೆಯನ್ನು ಕೇಳಲಿ ಎಂದಿದ್ದೆನಲ್ಲ, ಯಾರೂ ಏನೂ ಕೇಳಲಿಲ್ಲ. ಹಸು ಹಾಲು ಕೊಟ್ಟಿತು, ಮಕ್ಕಳು ಶಾಲೆಗೆ ಹೋದರು, ಪಾರ್ವತಮ್ಮನಿಗೆ ಒಂದು ನೆಗಡಿಯೂ ಬರಲಿಲ್ಲ. ಇದರಲ್ಲಿ ಎಂಥ ನ್ಯಾಯವಿದೆಯೋ ನನಗೆ ಇವತ್ತಿಗೂ ತಿಳಿಯದು.

ಭಾನುವಾರ ಹೊರಟೆ. ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಮತ್ತೋಡಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಕೆಲಸ ಹೋದರೆ ಹೋಗಲಿ, ಅವನ ಕಾಲು ಹಿಡಿದು ನಿಜ ಹೇಳಿ, ಅವನನ್ನೇ ಕರೆದುಕೊಂಡು ಮಾಡದಕೆರೆಯ ಬೀಗರ ಮನೆಗೂ ಹೋಗಿ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಮನೆಯ ಮುಂದಿನ ಕುರಿಹಟ್ಟಿಯಲ್ಲಿ ಓಬಕ್ಕ ಕಸ ಗುಡಿಸುತ್ತಿದ್ದಳು. ನನ್ನನ್ನು ನೋಡಿ ಪೊರಕೆ ಕೆಳಗೆ ಹಾಕಿದಳು. ಬರ್ರಿ ಎನ್ನಲಿಲ್ಲ. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕಲ್ಲು, ಉಬ್ಬು, ಚಿತ್ತಯ್ಯ, ಯಾವುದನ್ನೂ ಬಿಡಲಿಲ್ಲ. ನಿನ್ನ ಗಂಡ ಕದ್ದಿಲ್ಲ ತಾಯಿ, ತಪ್ಪು ನನ್ನದು ಎಂದೆ. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಹಟ್ಟಿಯ ಬೇಲಿಯನ್ನು ಹಿಡಿದು ಮೆಲ್ಲಗೆ ಕೂತುಕೊಂಡಳು.

"ನಿನ್ನೆ ಹೊತ್ತಾರೆ ಗುಡೀಗೆ ಹೋಗಿ ಮುಟ್ಬಂದ್ರು" ಎಂದಳು.

ಮಾಡದಕೆರೆಯವರು ಬಂದು ನಿಂತು ನೋಡಿದರಂತೆ. ಮದುವೆ ಮತ್ತೆ ಗೊತ್ತಾಯಿತು. ಮುರುಗಪ್ಪನವರಿಗೂ ಸುದ್ದಿ ಮುಟ್ಟಿ, ನಾಳೆಯಿಂದಲೇ ಕೆಲಸಕ್ಕೆ ಬಾ ಎಂದು ಆಗಲೇ ಹೇಳಿಕಳಿಸಿದ್ದರು. ಎಲ್ಲ ಸರಿಹೋಯಿತು ಎನ್ನುವಂತೆ ಅವಳು ಒಂದೊಂದೇ ಹೇಳಿದಳು. ಆದರೆ ನಿನ್ನೆಯಿಂದ ಅವನು ಕಣ್ಣು ಮುಚ್ಚಿಲ್ಲ, ಚಿಕ್ಕ ಮಗು ಕೆಮ್ಮಿದರೆ ಎದ್ದು ಕೂರುತ್ತಾನೆ, ದೊಡ್ಡವಳನ್ನು ಬಾವಿಗೆ ಕಳಿಸುವುದಿಲ್ಲ, ಹುಡುಗನನ್ನು ಮರ ಹತ್ತಲು ಬಿಡುವುದಿಲ್ಲ ಎಂದಳು. ಇನ್ನು ಈ ಮನೆಯಲ್ಲಿ ಯಾರಿಗೆ ಮೈ ಬಿಸಿಯಾದರೂ ಅದು ತಾನು ಮಾಡಿದ್ದರಿಂದಲೇ ಎಂದು ತಿಳಿಯುತ್ತಾನೆ, ಸಾಯುವವರೆಗೂ ಹೀಗೇ ಎಂದಳು. ನಾನು ಅವನಿಗೂ ಹೇಳಿಬಿಡುತ್ತೇನೆ, ಎಲ್ಲಿದ್ದಾನೆ ಎಂದು ಕೇಳಿದೆ.

ಓಬಕ್ಕ ಎದ್ದು ನನ್ನ ದಾರಿಗೆ ಅಡ್ಡ ನಿಂತಳು.

"ಬ್ಯಾಡ್ರಿ" ಎಂದಳು. "ಬ್ಯಾರೆ ದಾರಿನೇ ಇರ್ಲಿಲ್ಲ ಅಂತ ಮುಟ್ಟವ್ರೆ. ಒಂದಿನ ತಡುದಿದ್ರೆ ಮುಟ್ಟಾದೇ ಬ್ಯಾಡಾಗಿತ್ತು ಅಂತ ಗೊತ್ತಾದ್ರೆ ಅವ್ರು ಉಳಿಯಾದಿಲ್ಲಣ್ಣ. ಹೇಳ್ಬ್ಯಾಡ್ರಿ."

ಅವಳ ಮಾತಿಗೆ ತಲೆಯಾಡಿಸಿದೆ. ಇನ್ನೇನು ಮಾಡಲಿ? ಅಷ್ಟು ದೂರ ಹೊತ್ತು ತಂದ ಮಾತನ್ನು ಇಳಿಸಲು ಆ ಊರಲ್ಲಿ ಜಾಗವಿರಲಿಲ್ಲ.

ಹೊರಡುವಷ್ಟರಲ್ಲಿ ಕರಿಸಿದ್ದಪ್ಪ ಚಿಕ್ಕ ಮಗಳನ್ನು ಎತ್ತಿಕೊಂಡು ಮನೆಯೊಳಗಿನಿಂದ ಬಂದ. ನಾಲ್ಕು ತಿಂಗಳಲ್ಲಿ ಅರ್ಧ ಆಗಿದ್ದ. ನನ್ನನ್ನು ಕಂಡು ಮುಖದಲ್ಲಿ ಸಿಟ್ಟು ಬರಲಿಲ್ಲ. ಕುಂತ್ಕಳ್ರಿ ಎಂದು ಜಗಲಿ ತೋರಿಸಿ ತಾನೂ ಕೂತ. ಓಬಕ್ಕ ಮಜ್ಜಿಗೆ ತಂದಿಟ್ಟು ಬಾಗಿಲಲ್ಲೇ ನಿಂತಳು. ಮಗು ಅವನ ತೊಡೆಯ ಮೇಲೆ ಕೂತು ನನ್ನ ಕೊರಳಿನ ಕರಡಿಗೆಯನ್ನೇ ನೋಡುತ್ತಿತ್ತು. ಕರಿಸಿದ್ದಪ್ಪ ಮಾತಾಡುತ್ತಲೇ ಘಳಿಗೆಗೊಮ್ಮೆ ಅದರ ಹಣೆಗೆ ಅಂಗೈ ಹಚ್ಚಿ ನೋಡುತ್ತಿದ್ದ. ಸಾಹುಕಾರರು ಕರೆದಿದ್ದನ್ನು ಹೇಳಿದ. ಅದೇ ಲಾರಿ ಕೊಡುತ್ತಾರೋ ಬೇರೆಯದೋ ಎಂದು ಕೇಳಿದ. ಆಮೇಲೆ, "ಈಗಾದ್ರೂ ನಂಬ್ತೀರಾ ಅಜ್ಜಪ್ನೋರೆ?" ಎಂದ.

"ನಂಬ್ತೀನಿ ಕಣಪ್ಪ" ಎಂದೆ.

ಅವನು ಉಸಿರು ಬಿಟ್ಟ. ಮುಟ್ಟಿದ್ದಕ್ಕೂ ಸಾರ್ಥಕವಾಯಿತು ಬಿಡಿ ಎಂದ. ನಾನು ಅಷ್ಟು ದೂರದಿಂದ ಬಂದು ನಂಬುತ್ತೇನೆ ಎನ್ನಬೇಕಾದರೆ ಆ ಆಣೆಯಿಂದಲೇ ಆಯಿತೆಂದು ತಿಳಿದ. ನಾನು ಮಜ್ಜಿಗೆಯ ಲೋಟ ಎತ್ತಿ ಕುಡಿದೆ. ಬಾಗಿಲಲ್ಲಿ ನಿಂತ ಓಬಕ್ಕನ ಕಡೆ ನೋಡುವ ಧೈರ್ಯವಾಗಲಿಲ್ಲ.

ನಾನು ಎದ್ದಾಗ ಅವನು ಮಗುವನ್ನು ಎತ್ತಿ ನನ್ನ ಮುಂದೆ ಹಿಡಿದ.

"ನನ್ ಕೈಗೆ ಗೊತ್ತಾಗವಲ್ದು. ನೀವು ಅಳತೆ ನೋಡೋರು" ಎಂದ. "ಒಸಿ ಮುಟ್ಟಿ ಹೇಳ್ರಿ, ಮೈ ಬಿಸಿ ಐತಾ?"

ಹಣೆಯ ಮೇಲೆ ಕೈ ಇಡುವ ಬದಲು ಓಡಿಹೋಗಬೇಕೆನಿಸಿತು. ಆದರೂ ಅಂಗೈ ಇಟ್ಟೆ. ಬೆಚ್ಚಗಿತ್ತು. ಬಿಸಿಲಿಗೋ, ಜ್ವರಕ್ಕೋ, ನನ್ನ ಕೈಗೆ ತಿಳಿಯಲಿಲ್ಲ. ಏನೂ ಇಲ್ಲ, ತಣ್ಣಗಿದೆ ಎಂದೆ. ಅವನು ನಂಬಿದ.